ಕವಿಯ ಗೃಹಜೀವನವೂ ಚರಿತ್ರಕಾರರ ಮೌನವೂ

ರವೀಂದ್ರನಾಥ ಠಾಕೂರರ ಹೆಸರಿನೊಡನೆ ಕಾರವಾರದ ಹೆಸರು ಕೂಡಿ ಬಂದಾಗಲೆಲ್ಲ ಕನ್ನಡಿಗರ ಮನಸ್ಸು ಹಿಗ್ಗುವುದು ಸಹಜವೇ ಸರಿ. ಅವರ ಅಣ್ಣಂದಿರಾದ ಸತ್ಯೇಂದ್ರನಾಥರು ಆ ಊರಿನಲ್ಲಿ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, 1883ರಲ್ಲಿ, 22 ವರ್ಷದ ತರುಣಕವಿಯು ಅಲ್ಲಿಯ ಕಡಲದಂಡೆಯಲ್ಲಿ ಕೆಲವು ಕಾಲ ತಂಗಿದ್ದನು. ಬೆಳುದಿಂಗಳ ರಾತ್ರಿಯಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಸಂಚರಿಸಿದನು. 'ಪ್ರಕೃತಿರ ಪ್ರತಿಶೋಧ'ವೆಂಬ ನಾಟಕವನ್ನು ಅಲ್ಲಿಯೇ ಬರೆದನು. ಸಕಲ ಬಂಧನಗಳನ್ನೂ ಕಡಿದುಕೊಂಡು ಪ್ರಕೃತಿಯನ್ನು ಗೆದ್ದೆನೆಂದು ಬೀಗಿದ ಸಂನ್ಯಾಸಿಯೊಬ್ಬನು ಅನಾಥೆಯಾದ ಒಬ್ಬ ಬಾಲಿಕೆಯ ವಾತ್ಸಲ್ಯಕ್ಕೆ ಸಿಲುಕಿ, ಅವಳನ್ನು ತೊರೆದು ಓಡಿ, ಕಡೆಗೆ ಮನಸ್ಸು ತಿರುಗಿ ಹಿಂದಕ್ಕೆ ಬರುವಷ್ಟರಲ್ಲಿ ಆ ಬಾಲಿಕೆಯು ಜೀವಿಸಿರುವುದಿಲ್ಲ. ಇದು ಆ ನಾಟಕದ ಕಥೆ. ಕಾರವಾರದ ಕಡಲತೀರಕ್ಕೆ ಇಂದು ಕವಿಯ ಹೆಸರನ್ನೇ ಇಟ್ಟಿರುವುದು ಈ ಸಂಬಂಧದ ಸ್ಮರಣೆಗಾಗಿಯೇ.

ಆದರೆ ಆ ಪ್ರವಾಸದ ಬೆನ್ನ ಹಿಂದೆಯೇ ಕವಿಯ ಬಾಳಿನಲ್ಲಿ ಮತ್ತೊಂದು ಸಂಗತಿಯು ನಡೆಯಿತು. 1883ನೆಯ ಡಿಸೆಂಬರ್ 9ರಂದು ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಅವರಿಗೆ ವಿವಾಹವಾಯಿತು. 1912ರಲ್ಲಿ ಗ್ರಂಥರೂಪದಿಂದ ಪ್ರಕಟವಾದ 'ಜೀವನಸ್ಮೃತಿ'ಯಲ್ಲಿ ಕಾರವಾರದ ಕಡಲಿಗೂ ಬೆಟ್ಟಕ್ಕೂ ಬೆಳುದಿಂಗಳಿಗೂ ಧಾರಾಳವಾದ ಸ್ಥಳವು ದೊರೆತಿದೆ. ಅದೇ ಪ್ರಕರಣದ ತುದಿಯಲ್ಲಿ ವಿವಾಹದ ಸಂಗತಿಯು ಒಂದೇ ಒಂದು ವಾಕ್ಯದಲ್ಲಿ ಮುಗಿದುಹೋಗಿದೆ. ಆ ವಾಕ್ಯದಲ್ಲಿ ತಿಥಿಯಿದೆ, ವರನ ವಯಸ್ಸಿದೆ. ವಧುವಿನ ಹೆಸರಿಲ್ಲ, ಅವಳ ವಯಸ್ಸೂ ಇಲ್ಲ. ತನ್ನ ಸ್ಮೃತಿಯ ಪಟದಲ್ಲಿ ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಕವಿಯು ಸ್ವತಂತ್ರನು. ಅವರ ಚರಿತ್ರವನ್ನು ಬರೆಯಹೊರಟವರು ಆ ಸ್ವಾತಂತ್ರ್ಯವನ್ನು ತಮ್ಮದನ್ನಾಗಿ ಮಾಡಿಕೊಂಡುದೇ ಇಲ್ಲಿಯ ಆಕ್ಷೇಪಣೆಗೆ ವಿಷಯವಾಗಿದೆ. ಕವಿಯು ಬಿಟ್ಟುದನ್ನು ಚರಿತ್ರಕಾರನೂ ಬಿಟ್ಟರೆ ಅದು ವಿನಯವಲ್ಲ, ಕರ್ತವ್ಯಲೋಪ.

ಠಾಕೂರರ ಚರಿತ್ರವನ್ನು ಜನಸಾಮಾನ್ಯರಿಗೆ ಹೇಳುವವರಲ್ಲಿ ಎರಡು ಪಂಗಡಗಳಿವೆ. ಒಂದನೆಯದು ಭಕ್ತರ ಪಂಗಡ. ಇವರಿಗೆ ಕವಿಯು ಋಷಿ, ಋಷಿಗೆ ಮನೆಯಿದ್ದರೂ ಅದು ಆಶ್ರಮದ ಒಂದು ಮೂಲೆ, ಋಷಿಪತ್ನಿಯು ತ್ಯಾಗಮೂರ್ತಿ. ಅಷ್ಟು ಹೇಳಿದರೆ ಮುಗಿಯಿತು. ಎರಡನೆಯದು ಕುತೂಹಲಿಗಳ ಪಂಗಡ. ವಿವಾಹವಾಗಿ ನಾಲ್ಕೇ ತಿಂಗಳ ಮೇಲೆ, 1884ರ ಏಪ್ರಿಲ್ ತಿಂಗಳಿನಲ್ಲಿ, ಕವಿಯ ಅತ್ತಿಗೆ ಕಾದಂಬರೀದೇವಿಯವರು ಆತ್ಮಹತ್ಯೆಯಿಂದ ಮೃತರಾದರು. ಎಳವೆಯ ಸ್ನೇಹವೂ ಆ ಮರಣದ ಶೋಕವೂ ಕವಿಯ ಬರಹದಲ್ಲಿ ಆಳವಾಗಿ ಇಳಿದುವೆಂಬುದು ನಿರ್ವಿವಾದ. ಆದರೆ ಈ ಕುತೂಹಲಿಗಳು ಆ ಒಂದು ದುಃಖವನ್ನು ಎಳೆದೆಳೆದು ಕಾದಂಬರಿಗಳನ್ನೂ ಚಿತ್ರಕಥೆಗಳನ್ನೂ ಹೆಣೆಯುತ್ತಾರೆ. ಸತ್ತವರ ಮನಸ್ಸಿನೊಳಗೆ ಹೊಕ್ಕು ಬಂದವರಂತೆ ಸಂಭಾಷಣೆಗಳನ್ನು ಬರೆಯುತ್ತಾರೆ. ಭಕ್ತನು ಮನೆಯ ಬಾಗಿಲನ್ನು ಮುಚ್ಚುತ್ತಾನೆ. ಕುತೂಹಲಿಯು ಕಿಟಕಿಯಿಂದ ಇಣಿಕುತ್ತಾನೆ. ಹತ್ತೊಂಬತ್ತು ವರ್ಷಗಳ ಕಾಲ ಆ ಮನೆಯನ್ನು ನಡೆಯಿಸಿದ ಹೆಣ್ಣುಮಗಳು ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ಅವಳು ಯಾರು? ಖುಲ್ನಾ ಪ್ರಾಂತ್ಯದ ದಕ್ಷಿಣಡಿಹಿ ಗ್ರಾಮದವಳು. ತಂದೆ ಬೇಣೀಮಾಧವ ರಾಯಚೌಧುರಿಯವರು ಠಾಕೂರರ ಜಮೀನುದಾರಿಯಲ್ಲಿಯೇ ನೌಕರರು. ಠಾಕೂರ ವಂಶದವರು ಪಿರಾಲಿ ಬ್ರಾಹ್ಮಣರೆನಿಸಿದ್ದುದರಿಂದ ಇತರ ಬ್ರಾಹ್ಮಣರು ಅವರೊಡನೆ ಸಂಬಂಧ ಬೆಳೆಯಿಸುತ್ತಿರಲಿಲ್ಲ. ಎಷ್ಟು ಐಶ್ವರ್ಯವಿದ್ದರೂ ವಧುವನ್ನು ಆ ಒಂದು ಪ್ರಾಂತ್ಯದ ಕೆಲವೇ ಮನೆತನಗಳಿಂದ ಆರಿಸಿ ತರಬೇಕಾಗಿದ್ದಿತು. ಹೀಗೆ ಆರಿಸಿ ಬಂದವಳ ಹೆಸರು ಭವತಾರಿಣಿ. ವಯಸ್ಸು 9 ಅಥವಾ 10. ಜೋಡಾಸಾಂಕೊ ಮನೆಗೆ ಆ ಹೆಸರು ಹಳೆಯ ಕಾಲದ್ದಾಗಿ ತೋರಿತು; ಅವಳಿಗೆ ಮೃಣಾಲಿನಿಯೆಂದು ಹೊಸ ಹೆಸರನ್ನಿಟ್ಟರು. ಹಳ್ಳಿಯ ಹುಡುಗಿಯನ್ನು ಆ ಮನೆಗೆ ತಕ್ಕವಳನ್ನಾಗಿ ಮಾಡುವುದಕ್ಕೋಸ್ಕರ ಲೊರೆಟೊ ಶಾಲೆಗೆ ಕಳುಹಿಸಿ ಇಂಗ್ಲಿಷನ್ನೂ, ಪಂಡಿತರೊಬ್ಬರಿಂದ ಸಂಸ್ಕೃತವನ್ನೂ ಕಲಿಸಿದರು. ಅವಳು ಕಲಿತಳು. ರಾಮಾಯಣವನ್ನು ಸಂಸ್ಕೃತದಿಂದ ಬಂಗಾಳಿಗೆ ಸಂಗ್ರಹಿಸಿ ಬರೆಯತೊಡಗಿದ್ದಳು. ಆ ಕೆಲಸವು ಪೂರ್ತಿಯಾಗಲಿಲ್ಲ, ಬರೆದ ಭಾಗವೂ ಉಳಿಯಲಿಲ್ಲ. 'ರಾಜಾ ಓ ರಾಣಿ' ನಾಟಕವನ್ನು ಮನೆಯವರೆಲ್ಲ ಆಡಿದಾಗ ಪಾತ್ರವನ್ನೂ ವಹಿಸಿದಳು. ತಾವೇ ಪದ ಕಟ್ಟಿ, ತಾವೇ ರಾಗ ಕೂಡಿಸಿ, ತಾವೇ ಹಾಡಿ, 2,000ಕ್ಕೂ ಮಿಕ್ಕ ಗೀತಗಳನ್ನು ಬಿಟ್ಟುಹೋದ ವಾಗ್ಗೇಯಕಾರನ ಮನೆಯಲ್ಲಿ ಸಾಹಿತ್ಯದ ಗಾಳಿಯು ಅವಳಿಗೂ ತಾಕದೆ ಇರಲಿಲ್ಲ. ಆದರೆ ಚರಿತ್ರಗಳಲ್ಲಿ ಅವಳಿಗೆ ಉಳಿದಿರುವುದು ಅಡುಗೆಮನೆಯೊಂದೇ. ಗಂಡನು ಹಾಸ್ಯಕ್ಕಾಗಿ ಕೆಸುವಿನ ಗೆಡ್ಡೆಯ ಜಿಲೇಬಿಯನ್ನು ಮಾಡೆಂದನಂತೆ, ಅವಳು ಅದನ್ನೂ ರುಚಿಯಾಗಿ ಮಾಡಿಬಿಟ್ಟಳಂತೆ! ಈ ಕಥೆಯನ್ನು ಹೇಳದವರಿಲ್ಲ. ರಾಮಾಯಣದ ಮಾತನ್ನು ಹೇಳುವವರು ವಿರಳ.

ಪತ್ರಗಳ ವಿಷಯವೂ ಹೀಗೆಯೇ. ಜಮೀನುದಾರಿಯ ಕೆಲಸಕ್ಕಾಗಿ ಪದ್ಮಾನದಿಯ ಮೇಲೆ ದೋಣಿಮನೆಯಲ್ಲಿ ಕವಿಯು ಕಳೆದ ವರ್ಷಗಳ ಪತ್ರಗಳು ಲೋಕಪ್ರಸಿದ್ಧವಾದುವು. ಅವು ಅಣ್ಣನ ಮಗಳಾದ ಇಂದಿರಾದೇವಿಯವರಿಗೆ ಬರೆದವು, 1912ರಲ್ಲಿ 'ಛಿನ್ನಪತ್ರ'ವೆಂಬ ಹೆಸರಿನಿಂದ ಪ್ರಕಟವಾದುವು. ಹೆಂಡತಿಗೆ ಬರೆದ ಪತ್ರಗಳು ಕವಿಯ ಮರಣದ ನಂತರ, 1942ರಲ್ಲಿ, 'ಚಿಠಿಪತ್ರ'ದ ಮೊದಲನೆಯ ಸಂಪುಟವಾಗಿ ಹೊರಬಂದುವು. ಅವನ್ನು ಓದಿದವರಿಗೆ ಋಷಿಯು ಕಾಣುವುದಿಲ್ಲ. ಮನೆಯ ಖರ್ಚು, ಮಕ್ಕಳ ಆರೋಗ್ಯ, ಪತ್ರ ಬರೆಯಲಿಲ್ಲವೆಂಬ ಮುನಿಸು, ಸಂಸಾರವನ್ನು ಸರಳವಾಗಿ ನಡೆಯಿಸಬೇಕೆಂಬ ಉಪದೇಶ, ಇವುಗಳ ನಡುವೆ ತೊಳಲುವ ಗೃಹಸ್ಥನು ಕಾಣುತ್ತಾನೆ. ಈ ಪತ್ರಗಳು ಉಳಿದುದು ಹೇಗೆ? ಅವಳು ಅವನ್ನು ಜೋಪಾನವಾಗಿ ಕಟ್ಟಿಟ್ಟಿದ್ದಳು. ಸತ್ತ ಮೇಲೆ ಆ ಕಟ್ಟು ಗಂಡನ ಕೈಗೆ ಸಿಕ್ಕಿತು. ಅವಳು ಅವರಿಗೆ ಬರೆದ ಪತ್ರಗಳು ಉಳಿದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕಾಪಾಡಿದರು. ಆ ಇನ್ನೊಬ್ಬರ ಮಾತನ್ನು ಕಾಪಾಡುವವರಿರಲಿಲ್ಲ. ದಾಂಪತ್ಯದ ಅರ್ಧವು ಮಾತ್ರ ಕೈಗೆ ದೊರೆತಿರುವಾಗ ಅದನ್ನೇ ಪೂರ್ಣವೆಂದು ಹೇಳುವ ಚರಿತ್ರಕಾರನು ವಾಚಕರಿಗೆ ಸುಳ್ಳು ಹೇಳಿದಂತೆಯೇ ಆಗುವುದು.

ಇನ್ನು ತ್ಯಾಗದ ಮಾತು. 1901ನೆಯ ಡಿಸೆಂಬರ್ 22ರಂದು ಶಾಂತಿನಿಕೇತನದಲ್ಲಿ ಕೆಲವೇ ಮಂದಿ ಹುಡುಗರೊಡನೆ ಬ್ರಹ್ಮಚರ್ಯಾಶ್ರಮವು ಆರಂಭವಾಯಿತು. ಹಣವಿರಲಿಲ್ಲ. ಕವಿಯು ಪುರಿಯಲ್ಲಿದ್ದ ಮನೆಯನ್ನು ಮಾರಿದರು. ಚಿನ್ನದ ಗಡಿಯಾರವನ್ನು ಮಾರಿದರು. ಹೆಂಡತಿಯ ಒಡವೆಗಳೂ ಒಂದೊಂದಾಗಿ ಹೋದುವು. ಕೆಲವು ಬಳೆಗಳೂ ಒಂದು ಸರವೂ ಹೊರತು ಏನೂ ಉಳಿಯಲಿಲ್ಲವೆಂದು ಮಗ ರಥೀಂದ್ರನಾಥರು 1958ರಲ್ಲಿ ಪ್ರಕಟವಾದ ತಮ್ಮ ಸ್ಮರಣಗ್ರಂಥದಲ್ಲಿ ಹೇಳಿದ್ದಾರೆ. ಆಶ್ರಮದ ಹುಡುಗರ ಊಟೋಪಚಾರಗಳನ್ನೂ ಅವಳೇ ನೋಡಿಕೊಂಡಳು. ಭಕ್ತರು ಇದನ್ನು ಹೇಳದೆ ಬಿಡುವುದಿಲ್ಲವೆಂಬುದು ನಿಜವೇ. ಆದರೆ ಹೇಳುವ ಬಗೆಯನ್ನು ನೋಡಬೇಕು. "ಆ ಮಹಾಸಾಧ್ವಿಯು ತನ್ನ ಆಭರಣಗಳನ್ನೂ ಅರ್ಪಿಸಿದಳು" ಎಂಬ ಒಂದು ವಾಕ್ಯವನ್ನು ಬರೆದು ಸಾಲವು ತೀರಿತೆಂದು ರಸೀತಿಯನ್ನು ಹರಿದುಕೊಡುತ್ತಾರೆ. ಹೆಣ್ಣಿನ ಒಡವೆಯೆಂದರೆ ಸಂಸಾರದಲ್ಲಿ ಅವಳಿಗೆ ತನ್ನದೆಂದು ಇರುವ ಏಕಮಾತ್ರ ಸೊತ್ತು, ಅದು ಸ್ತ್ರೀಧನ. ಅದನ್ನು ಹಾಕಿ ಕಟ್ಟಿದ ಸಂಸ್ಥೆಗೆ ಆ ಹೆಣ್ಣು ಮೂಲಬಂಡವಾಳವನ್ನು ತಂದವಳೆಂದು ಕರೆಯಬೇಕಲ್ಲದೆ ಪೂಜೆಗೆ ಹೂವನ್ನು ತಂದವಳೆಂದಲ್ಲ. ಶಾಂತಿನಿಕೇತನದ ಸ್ಥಾಪಕರು ಯಾರೆಂದು ಕೇಳಿದರೆ ಕೊಡಬೇಕಾದ ಉತ್ತರದಲ್ಲಿ ಎರಡು ಹೆಸರುಗಳಿರುವುದೇ ನ್ಯಾಯ.

ಆ ಒಂದೇ ವರ್ಷದ ಇನ್ನೆರಡು ಸಂಗತಿಗಳನ್ನು ಭಕ್ತರು ಅವಸರವಾಗಿ ದಾಟಿಹೋಗುತ್ತಾರೆ. 1901ರ ಜೂನ್ ತಿಂಗಳಿನಲ್ಲಿ ಹಿರಿಯ ಮಗಳಾದ ಮಾಧುರೀಲತೆಯ ವಿವಾಹವಾಯಿತು; ಅವಳಿಗೆ 14 ವರ್ಷ. ವರನ ಕಡೆಯವರು ಕೇಳಿದ ದಕ್ಷಿಣೆಯ ಮೇಲೆ ಚೌಕಾಸಿಯು ನಡೆದು 10,000 ರೂಪಾಯಿಗೆ ನಿಂತಿತು. ಆಗಸ್ಟ್ ತಿಂಗಳಿನಲ್ಲಿ ಎರಡನೆಯ ಮಗಳಾದ ರೇಣುಕೆಯ ವಿವಾಹವಾಯಿತು. ಅವಳಿಗೆ 10 ವರ್ಷ. 1907ರಲ್ಲಿ ಮೂರನೆಯವಳಾದ ಮೀರಾಳಿಗೆ ವಿವಾಹವಾದಾಗ 13 ವರ್ಷ. ಇದೇ ಕವಿಯು 1887ರಲ್ಲಿ 'ಹಿಂದೂವಿವಾಹ'ವೆಂಬ ಪ್ರಬಂಧವನ್ನು ಸಭೆಯಲ್ಲಿ ಓದಿ ಬಾಲ್ಯವಿವಾಹದ ಪಕ್ಷಪಾತಿಗಳನ್ನು ಖಂಡಿಸಿದ್ದರು. 1891ರಲ್ಲಿ 'ದೇನಾ ಪಾವನಾ' ಎಂಬ ಕಥೆಯಲ್ಲಿ, ವರದಕ್ಷಿಣೆಯ ಬಾಕಿಗಾಗಿ ಅತ್ತೆಯ ಮನೆಯಲ್ಲಿ ಬಾಡಿ ಸತ್ತ ಮಗಳನ್ನು ಚಿತ್ರಿಸಿ ವಂಗದೇಶದ ಕಣ್ಣಿನಲ್ಲಿ ನೀರು ತರಿಸಿದ್ದರು. ಅನ್ಯರ ಹುಡುಗರು ಬಯಲಿನಲ್ಲಿ ಸ್ವತಂತ್ರವಾಗಿ ಬೆಳೆಯಲೆಂದು ಶಾಲೆಯನ್ನು ತೆರೆದ ವರ್ಷದಲ್ಲಿಯೇ ತಮ್ಮ ಹತ್ತು ವರ್ಷದ ಮಗಳ ಕೈಯನ್ನು ಇನ್ನೊಬ್ಬರಿಗೆ ಹಿಡಿಯಿಸಿದರು.

ಇದಕ್ಕೆ ಸಮಾಧಾನಗಳು ಇಲ್ಲದಿಲ್ಲ. ಮನೆಯ ಯಜಮಾನರಾದ ಮಹರ್ಷಿ ದೇವೇಂದ್ರನಾಥರು ಜೀವಿಸಿದ್ದರು; ಮೊಮ್ಮಕ್ಕಳ ವಿವಾಹದ ವೆಚ್ಚವು ಅವರ ಬೊಕ್ಕಸದಿಂದ ಬರಬೇಕಾಗಿದ್ದಿತು; ಅವರು ಕಣ್ಣು ಮುಚ್ಚಿದ ಮೇಲೆ ಆ ಆಸರೆಯು ಇರಲಾರದೆಂಬ ಭಯವಿದ್ದಿತು. ಪಿರಾಲಿ ಮನೆತನಕ್ಕೆ ಸಂಬಂಧಗಳು ಸುಲಭವಾಗಿ ದೊರೆಯುತ್ತಿರಲಿಲ್ಲ. ಕವಿಯು ಸಾಲಗಾರರಾಗಿದ್ದರು. ಇವೆಲ್ಲವೂ ನಿಜವೇ, ಚರಿತ್ರದಲ್ಲಿ ಇವಕ್ಕೆ ಸ್ಥಳವಿರಲೇಬೇಕು. ಆದರೆ ಒಂದು ಕಾರ್ಯವು ಹೇಗೆ ನಡೆಯಿತೆಂಬುದನ್ನು ತಿಳಿಸುವ ಕಾರಣವು ಬೇರೆ, ಆ ಕಾರ್ಯದ ಹೊಣೆಯನ್ನು ಇಳಿಸುವ ಕಾರಣವು ಬೇರೆ. ಇದೇ ಸಮಾಧಾನಗಳನ್ನು 'ದೇನಾ ಪಾವನಾ' ಕಥೆಯ ತಂದೆಯೂ ಹೇಳಬಹುದಾಗಿದ್ದಿತು. ಆ ಕಥೆಯನ್ನು ಓದಿ ಆ ತಂದೆಯನ್ನು ಕನಿಕರಿಸಿದವರು ಆ ಮಗಳನ್ನು ಮರೆಯಲಿಲ್ಲ. ಕವಿಯ ಚರಿತ್ರವನ್ನು ಓದುವಾಗ ಮಾತ್ರ ತಂದೆಯನ್ನು ಕನಿಕರಿಸಿ ಮಗಳನ್ನು ಮರೆಯಬೇಕೆ?

ಫಲವೇನಾಯಿತೆಂಬುದನ್ನೂ ನೋಡಬೇಕು. ಮೃಣಾಲಿನೀದೇವಿಯವರು 1902ರಲ್ಲಿ ರೋಗಪೀಡಿತರಾದರು. ಅವರನ್ನು ಕಲ್ಕತ್ತೆಗೆ ಕರೆತಂದರು. ಆಗ ಕವಿಯು ದಾದಿಯರನ್ನು ನೇಮಿಸದೆ ಹಗಲಿರುಳು ತಾವೇ ಬಳಿಯಲ್ಲಿದ್ದು, ಬೀಸಣಿಗೆಯಿಂದ ಗಾಳಿ ಹಾಕುತ್ತ ಶುಶ್ರೂಷೆ ಮಾಡಿದರು. 1902ನೆಯ ನವೆಂಬರ್ 23ರಂದು ಅವರು ತೀರಿಹೋದರು, ಆಗ ಅವರಿಗೆ 30 ವರ್ಷವೂ ತುಂಬಿರಲಿಲ್ಲ, ಐವರು ಮಕ್ಕಳು. ಬಳಿಕ ತಂದೆಯು ತಾಯಿಯ ಪಾದರಕ್ಷೆಗಳನ್ನು ರಥೀಂದ್ರನಾಥರ ಕೈಗೆ ಕೊಟ್ಟು ಜೋಪಾನ ಮಾಡಿಕೊಳ್ಳಬೇಕೆಂದರು. ರೇಣುಕೆಯು ಕ್ಷಯದಿಂದ 1903ರಲ್ಲಿ ತೀರಿದಳು. ವಿವಾಹವಾಗಿ ಎರಡೇ ವರ್ಷ. ಕಿರಿಯ ಮಗ ಶಮೀಂದ್ರನಾಥನು 1907ರಲ್ಲಿ ಮುಂಗೇರಿನಲ್ಲಿ ವಾಂತಿಭೇದಿಯಿಂದ ಸತ್ತುದು ತಾಯಿಯು ಸತ್ತ ನವೆಂಬರ್ 23ರಂದೇ. ಮಾಧುರೀಲತೆಯೂ ಕ್ಷಯದಿಂದ 1918ರಲ್ಲಿ ಹೋದಳು. ಅಳಿಯನೊಡನೆ ಮನಸ್ಸು ಮುರಿದಿದ್ದುದರಿಂದ ಅವನು ಮನೆಯಲ್ಲಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ತಂದೆಯು ರೋಗಿಯಾದ ಮಗಳನ್ನು ನೋಡಿ ಬರುತ್ತಿದ್ದರು. ಮೀರಾಳ ದಾಂಪತ್ಯವು ಬಾಳಲಿಲ್ಲ.

ಇಷ್ಟು ನೊಂದವರ ಮೇಲೆ ಲೆಕ್ಕಪತ್ರವನ್ನು ಬಿಚ್ಚುವುದು ನಿಷ್ಕರುಣೆಯಲ್ಲವೇ ಎಂದು ಕೇಳುವವರಿದ್ದಾರೆ. ನೋವು ಒಬ್ಬರದೇ ಆಗಿದ್ದರೆ ಈ ಪ್ರಶ್ನೆಗೆ ಬೆಲೆಯಿದ್ದಿತು. ರೇಣುಕೆಯ ನೋವು ಯಾರ ಲೆಕ್ಕಕ್ಕೆ ಸೇರಬೇಕು? ತಂದೆಯ ಶೋಕದಿಂದ ಹುಟ್ಟಿದ ಕವಿತೆಗಳನ್ನು ಹೊಗಳುವವರು ಆ ಶೋಕಕ್ಕೆ ವಿಷಯವಾದ ಮಗಳನ್ನು ಕವಿತೆಯ ಸಾಮಗ್ರಿಯೆಂದು ಎಣಿಸಿದಂತಾಗುವುದು. ಹೆಂಡತಿಯ ಮರಣಾನಂತರ ರಚಿತವಾದ 'ಸ್ಮರಣ'ವು ಉತ್ತಮ ಕಾವ್ಯವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕಾವ್ಯದಲ್ಲಿ ದೊರೆತ ಸ್ಥಾನವು ಬಾಳಿನಲ್ಲಿ ದೊರೆಯದ ಸ್ಥಾನಕ್ಕೆ ಬದಲಾಗಲಾರದು.

ಮತ್ತೊಂದು ಆಕ್ಷೇಪವು ಇದಕ್ಕಿಂತ ಬಲವಾದುದು. ಹಾಡು ಲೋಕಕ್ಕೆ ಸೇರಿದುದು, ಮನೆ ಹಾಡಿದವನಿಗೆ ಸೇರಿದುದು. ಹಾಡನ್ನು ಕೇಳುವವನಿಗೆ ಮನೆಯ ವಿಚಾರವೇಕೆ? ಈ ನಿಯಮವನ್ನು ನಿಷ್ಠೆಯಿಂದ ನಡೆಯಿಸುವವರೊಡನೆ ಯಾರಿಗೂ ಜಗಳವಿಲ್ಲ. ಮನೆಯ ಮಾತನ್ನೇ ಎತ್ತದೆ ಗೀತಗಳ ಗುಣದೋಷಗಳನ್ನು ಮಾತ್ರ ವಿಮರ್ಶಿಸುವವರು ತಮ್ಮ ಪಾಡಿಗೆ ತಾವಿರಲಿ. ಆದರೆ ಭಕ್ತರು ಹಾಗೆ ಮಾಡುವುದಿಲ್ಲ. ಮನೆಯ ಕಥೆಯಲ್ಲಿ ಇಂಪಾದುದನ್ನೆಲ್ಲ ಹೇಳುತ್ತಾರೆ, ಬೀಸಣಿಗೆಯ ಕಥೆ, ಒಡವೆಯ ಕಥೆ, ಜಿಲೇಬಿಯ ಕಥೆ. ಕಹಿಯಾದುದು ಬಂದಾಗ ಮಾತ್ರ ಅದು ಸ್ವಂತ ವಿಷಯವೆಂದು ಬಾಯಿಗೆ ಬೀಗ ಹಾಕುತ್ತಾರೆ. ಒಂದೋ ಮನೆಯ ಬಾಗಿಲನ್ನು ಮುಚ್ಚಿರಬೇಕು, ಇಲ್ಲವೇ ಪೂರ್ತಿಯಾಗಿ ತೆರೆಯಬೇಕು. ಅರ್ಧ ತೆರೆದ ಬಾಗಿಲಿನಿಂದ ಕಾಣುವುದು ಮನೆಯಲ್ಲ, ಪ್ರದರ್ಶನ.

ಈ ಮೌನದಿಂದ ಕವಿಗಾದರೂ ಲಾಭವಿದೆಯೇ ಎಂದರೆ ಅದೂ ಇಲ್ಲ. ಅವರಿಗೇ ದೊಡ್ಡ ನಷ್ಟ. ತಪ್ಪನ್ನು ಮುಚ್ಚುವವರು ತಿದ್ದಿಕೊಂಡುದನ್ನೂ ಮುಚ್ಚಿಬಿಡುತ್ತಾರೆ. 1910ರಲ್ಲಿ ರಥೀಂದ್ರನಾಥರಿಗೆ ಬಾಲವಿಧವೆಯಾದ ಪ್ರತಿಮಾದೇವಿಯವರನ್ನು ತಂದುಕೊಂಡು ಆ ಮನೆತನದಲ್ಲಿ ವಿಧವಾವಿವಾಹಕ್ಕೆ ದಾರಿ ಮಾಡಿದರು. ಆ ಹುಡುಗಿಯು ಚಿಕ್ಕವಳಾಗಿದ್ದಾಗಲೇ ಅವಳನ್ನು ಸೊಸೆಯನ್ನಾಗಿ ಮಾಡಿಕೊಳ್ಳಬೇಕೆಂದು ಮೃಣಾಲಿನೀದೇವಿಯವರು ಆಶಿಸಿದ್ದರೆಂದೂ ಹೇಳುವುದುಂಟು. ಗಂಡನ ಮನೆಗೆ ಇನ್ನು ಹಿಂದಿರುಗಲಾರೆನೆಂದು ಪತ್ರ ಬರೆಯುವ ಹೆಂಡತಿಯ ಕಥೆಯಾದ 'ಸ್ತ್ರೀರ ಪತ್ರ'ವನ್ನು 1914ರಲ್ಲಿ ಬರೆದರು. ಆ ಕಥಾನಾಯಕಿಯ ಹೆಸರು ಮೃಣಾಲ. ಈ ಹೆಸರಿನಿಂದ ಏನನ್ನೂ ಸಾಧಿಸಬೇಕಾಗಿಲ್ಲ; ಆ ಕಥೆಯು 1901ರ ತಂದೆಯಿಂದ ಬರೆಯಲಾಗುತ್ತಿರಲಿಲ್ಲವೆಂಬಷ್ಟನ್ನು ಕಂಡರೆ ಸಾಕು. ಮೀರಾಳು ಗಂಡನನ್ನು ಬಿಟ್ಟು ಬಂದಾಗ ಲೋಕಾಪವಾದಕ್ಕೆ ಅಂಜಿ ಹಿಂದಕ್ಕೆ ಕಳುಹಿಸದೆ ಆಶ್ರಯ ಕೊಟ್ಟರು. ಅವಳ ದುಃಖಕ್ಕೆ ಮೊದಲ ಕಾರಣರು ತಾವೇ ಎಂದು ಮಗನಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು. ತನ್ನ ತಪ್ಪನ್ನು ತಾನೇ ಕಂಡು ನುಡಿದ ಈ ಮುದುಕನು ಭಕ್ತರ ಚರಿತ್ರದ ನಿರ್ದೋಷಿಯಾದ ಋಷಿಗಿಂತ ಎಷ್ಟೋ ದೊಡ್ಡವನು. ಋಷಿಯ ವಿಗ್ರಹವನ್ನು ನಿಲ್ಲಿಸುವುದಕ್ಕಾಗಿ ಭಕ್ತರು ಬಲಿಕೊಟ್ಟುದು ಈ ಮನುಷ್ಯನನ್ನು.

ಇದು ವಂಗದೇಶದ ಒಂದು ಮನೆಯ ಹಳೆಯ ಕಥೆಯೆಂದು ಬಿಡುವಂತಿಲ್ಲ. ಮಹಾಪುರುಷರ ಚರಿತ್ರಗಳನ್ನು ವಿದ್ಯಾವಂತರ ಮನೆಗಳಲ್ಲಿ ಮಕ್ಕಳಿಗೆ ಓದಲು ಕೊಡುವುದು ನಡತೆಯ ಮಾದರಿಯಾಗಲೆಂದು. ಹೆಂಡತಿಯನ್ನು ಒಂದು ವಾಕ್ಯದಲ್ಲಿ ಮುಗಿಸುವ ಚರಿತ್ರವನ್ನು ಓದಿ ಬೆಳೆದ ಹುಡುಗನು, ಪ್ರತಿಭೆಯುಳ್ಳವನಿಗೆ ಮನೆಯವರ ಬಾಳು ಉರುವಲೆಂದು ತಿಳಿದರೆ ಅವನ ತಪ್ಪಲ್ಲ. ಅದನ್ನು ಓದಿ ಬೆಳೆದ ಹುಡುಗಿಯು, ತನ್ನ ಓದೂ ಬರಹವೂ ಕಳೆದುಹೋಗಿ ಕೈರುಚಿಯ ಕೀರ್ತಿಯೊಂದು ಉಳಿದರೆ ಅದೇ ಸೌಭಾಗ್ಯವೆಂದು ನಂಬಿದರೆ ಅವಳ ತಪ್ಪೂ ಅಲ್ಲ. ಬರೆದವನ ತಪ್ಪು, ಅದನ್ನು ಪ್ರಶ್ನಿಸದೆ ಓದಿಸಿದ ಹಿರಿಯರ ತಪ್ಪು.

ಆದುದರಿಂದ ಬೇಡಿಕೆಯು ಅಲ್ಪವಾದುದು. ರವೀಂದ್ರರ ಜಯಂತಿಯಂದು ಕನ್ನಡದಲ್ಲಿ ಮಾಡುವ ಭಾಷಣದಲ್ಲಿಯೂ, ಬರೆಯುವ ಚರಿತ್ರದಲ್ಲಿಯೂ ದಕ್ಷಿಣಡಿಹಿಯ ಭವತಾರಿಣಿಯ ಹೆಸರಿರಲಿ. ಅವಳ ವಿವಾಹದ ವಯಸ್ಸಿರಲಿ. ಮುಗಿಯದೆ ಹೋದ ರಾಮಾಯಣವಿರಲಿ. ಶಾಂತಿನಿಕೇತನದ ಅಸ್ತಿಭಾರದಲ್ಲಿ ಅವಳ ಒಡವೆಗಳ ಪಾಲಿರಲಿ. ಮೂವರು ಹೆಣ್ಣುಮಕ್ಕಳ ವಿವಾಹದ ವರ್ಷಗಳಿರಲಿ. ಜೊತೆಗೆ ತಂದೆಯ ಪಶ್ಚಾತ್ತಾಪವೂ ಇರಲಿ. ಇದರಿಂದ ಒಂದು ಗೀತದ ಒಂದು ಸ್ವರವೂ ಕೆಡುವುದಿಲ್ಲ. ಬಾಲಿಕೆಯನ್ನು ತೊರೆದು ಹೋದವನು ತಿರುಗಿ ಬಂದಾಗ ಹೊತ್ತು ಮೀರಿತ್ತೆಂಬ ನಾಟಕವನ್ನು ಕಾರವಾರದ ದಂಡೆಯಲ್ಲಿ ಬರೆದ ಕವಿಗೆ ಈ ಸತ್ಯವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ; ಹೇಳಬೇಕಾಗಿರುವುದು ಅವರ ಚರಿತ್ರವನ್ನು ಬರೆಯುವವರಿಗೆ.